ನೂರಾ ಹತ್ತು ಮೀಟರ್ ದೂರದ ಹಕ್ಕಿ

ಜನವರಿ ೬

ತಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಇರುವಾಗ ಅಕ್ಕನಿಗೆ ಇದೇನು ಪೆನ್ನು ಹಿಡಿಯುವ ಹುಚ್ಚು ಅನ್ನುತ್ತೀಯ. ನಮ್ಮದು ಎರಡು ಕೋಣೆಯ ಮನೆ. ನಿನ್ನ ಭಾವನ ಕಿವಿ ಇತ್ತೀಚೆಗೆ ಎಷ್ಟು ಚುರುಕಾಗಿದೆ ಅಂದರೆ, ನಾನು ಅಡುಗೆಮನೆಯಲ್ಲಿ ಗೊಣಗಿದ್ದಕ್ಕೆ ಹೊರಗಿನ ಕೋಣೆಯಿಂದ ಉತ್ತರ ಬರುತ್ತದೆ. ಅಂಗಡಿಯಿಂದ ಮಾತಾಡೋಣ ಅಂದರೆ ಗಿರಾಕಿಗಳ ಕಿವಿ ಅದಕ್ಕಿಂತ ಉದ್ದ. ಅದಕ್ಕೇ ಕಾಗದ. ನೀನೂ ಉತ್ತರವನ್ನು ಹೊಲಿಗೆ ಅಂಗಡಿಯ ವಿಳಾಸಕ್ಕೇ ಬರೆ.

ವಿಷಯ ಇಷ್ಟೇ. ನೀನು ಕೊಟ್ಟ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಹೊಲಿದ ಕೋಟು, ಸಮವಸ್ತ್ರಗಳ ಫೋಟೋ ತೆಗೆದು ಗಿರಾಕಿಗಳಿಗೆ ತೋರಿಸುತ್ತಿದ್ದೇನೆ. ಅದರ ಜೊತೆ ಬಂದ ಲೆನ್ಸು ಹತ್ತಿರದ್ದನ್ನು ಮಾತ್ರ ನೋಡುತ್ತದೆ. ದೂರದ್ದನ್ನು ಎಳೆದು ತರುವ ಜೂಮ್ ಲೆನ್ಸು ಬೇಕು, ಟೆಲಿಫೋಟೋ ಅಂತಾರಲ್ಲ, ಅದು. ನಮ್ಮ ಮಹಡಿಯ ತಾರಸಿಗೆ ಹಕ್ಕಿಗಳು ಬರುತ್ತವೆ. ನನಗೆ ಹಕ್ಕಿ ನೋಡುವ ಆಸೆ ಹುಟ್ಟಿದೆ. ಬೇಗ ಒಂದನ್ನು ಆರಿಸಿ ಕಳಿಸು. ಭಾವನಿಗೆ ಹೇಳಬೇಡ, ನಗುತ್ತಾರೆ.

ನಿನ್ನ ಅಕ್ಕ

•

ಜನವರಿ ೧೪

ಪ್ರೀತಿಯ ಸೂಜಿ ಅಕ್ಕನಿಗೆ,

ಹಕ್ಕಿ ನೋಡುವ ಆಸೆಯೇ? ಕಿಟಕಿಗೆ ಪಾರಿವಾಳ ಬಂದರೆ ಪೊರಕೆ ಎತ್ತಿಕೊಂಡು ಓಡುತ್ತಿದ್ದವಳು ನೀನು. ಇರಲಿ, ವಯಸ್ಸಾದ ಮೇಲೆ ಮನುಷ್ಯ ಮೃದುವಾಗುತ್ತಾನೆ ಅಂತ ನಂಬೋಣ.

ಲೆನ್ಸು ಆರಿಸುವುದೂ ನಿನ್ನ ಕೋಟಿನ ಹಾಗೆಯೇ, ಅಳತೆ ಕೊಡದೆ ಆಗುವುದಿಲ್ಲ. ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ, ತೂಕವೂ ಏರುತ್ತದೆ. ನನ್ನ ಕ್ಯಾಮೆರಾ ಅಂಗಡಿಯ ಕಪಾಟಿನಲ್ಲಿ ಮೂರಿವೆ. ೭೦-೨೦೦, ಬೆಳಕು ಚೆನ್ನಾಗಿ ಕುಡಿಯುತ್ತದೆ, ಆದರೆ ಭಾರ, ಅಷ್ಟು ದೂರ ಹೋಗುವುದೂ ಇಲ್ಲ. ೭೦-೩೦೦, ಹಗುರ, ಬಡಪಾಯಿ, ಬಿಸಿಲಿದ್ದರೆ ಮಾತ್ರ ಕೆಲಸ ಮಾಡುತ್ತದೆ. ೧೦೦-೪೦೦, ದೂರದ ಮನೆಯ ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡುವುದಿಲ್ಲ. ಅದಕ್ಕಿಂತ ದೊಡ್ಡದು ಬೇಡ, ಅದು ಲೆನ್ಸಲ್ಲ, ಫಿರಂಗಿ.

ಈಗ ಪ್ರಾಮಾಣಿಕವಾಗಿ ಬರೆ. ಎಷ್ಟು ದೂರ? ಕೂತಿರುತ್ತದೋ ಓಡಾಡುತ್ತದೋ? ಯಾವ ಹೊತ್ತಿನ ಬೆಳಕು? ಕೈಯಲ್ಲಿ ಹಿಡಿಯುತ್ತೀಯೋ, ಸ್ಟ್ಯಾಂಡಿನ ಮೇಲೋ? ತಾರಸಿಗೇ ಬರುವ ಹಕ್ಕಿಗೆ ಟೆಲಿಫೋಟೋ ಏಕೆ ಅನ್ನುವುದನ್ನೂ ಒಂದು ಸಾಲು ಬರೆ.

ಭಾವ ಹೇಗಿದ್ದಾರೆ? ಓದು ಬರಹ ಎಲ್ಲ ನಡೆದಿದೆಯಾ?

ನಿನ್ನ ಗೂಬೆ

•

ಜನವರಿ ೨೦

ಗೂಬೆ,

ಎಷ್ಟು ಪ್ರಶ್ನೆ ಮಾರಾಯ! ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ.

ದೂರ ನೂರಾ ಹತ್ತು ಮೀಟರ್. ಅಂದಾಜಲ್ಲ, ಟೇಪ್ ಹಿಡಿದು ಅಳೆದಿದ್ದೇನೆ. ತಾರಸಿಯಿಂದ ನೋಡಿದರೆ ಎದುರಿನ ಬೀದಿ ನೂಲು ಎಳೆದ ಹಾಗೆ ನೇರವಾಗಿದೆ. ಒಂದು ಬದಿಗೆ ಮುಚ್ಚಿದ ಗಿರಣಿಯ ಉದ್ದ ಗೋಡೆ, ಗೋಡೆಯ ಬುಡದಲ್ಲೇ ಸಾಲಾಗಿ ದೀಪದ ಕಂಬಗಳು. ಹಕ್ಕಿ ಗೋಡೆಯ ಪಕ್ಕದಲ್ಲಿ ನನ್ನ ಕಡೆಗೇ ಬರುತ್ತದೆ, ಅರ್ಧ ದಾರಿಯಲ್ಲಿ ತಿರುಗಿ ಹೋಗುತ್ತದೆ. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಡಿಗೆ ನಿಧಾನ. ಸ್ಟ್ಯಾಂಡ್ ಬೇಡ, ಬಟ್ಟೆ ಒಣಗಿಸುವ ಹಗ್ಗದ ಕಂಬಕ್ಕೆ ಒರಗಿಕೊಳ್ಳುತ್ತೇನೆ.

ಭಾವನ ಓದು ಬರಹ ನಿನಗೇಕೆ ಈಗ? ಅಚ್ಚುಮನೆಯಲ್ಲಿ ಕರಡು ತಿದ್ದುವವರಿಗೆ ಓದು ಬರಹ ಬಿಟ್ಟು ಇನ್ನೇನಿದೆ? ಇಪ್ಪತ್ಮೂರು ವರ್ಷದಲ್ಲಿ ಒಂದು ಸಲವೂ ಕೇಳದವನು ಈಗ ಕೇಳಿದ್ದೀಯಲ್ಲ ಅಂತ ಆಶ್ಚರ್ಯ.

ಅಕ್ಕ

•

ಜನವರಿ ೨೭

ಅಕ್ಕಾ,

ವಾರಕ್ಕೆ ಎರಡು ದಿನ, ಗಡಿಯಾರ ನೋಡಿಕೊಂಡು, ಗೋಡೆ ಪಕ್ಕ ನಡೆದುಕೊಂಡು ಬರುವ ಹಕ್ಕಿ ಯಾವುದು? ಟೇಪ್ ಹಿಡಿದು ಅಳೆಯುವವರೆಗೂ ಜಾಗ ಬದಲಿಸದ ಹಕ್ಕಿ ಯಾವುದು? ಅದಕ್ಕೆ ರೆಕ್ಕೆ ಇದೆಯಾ, ಅಂಗಿ ಇದೆಯಾ?

೭೦-೩೦೦ ಕಳಿಸಿದ್ದೇನೆ. ಹಕ್ಕಿಗಾದರೆ ಧಾರಾಳ ಸಾಕು. ಹಕ್ಕಿ ಅಲ್ಲದಿದ್ದರೆ, ಡಬ್ಬಿ ಬಿಚ್ಚದೆ ವಾಪಸ್ ಕಳಿಸು. ಜನರನ್ನು ಕದ್ದು ನೋಡಲು ಲೆನ್ಸು ಕೇಳಿಕೊಂಡು ಬರುವವರನ್ನು ನಾನು ಬಾಗಿಲಿಂದಲೇ ಕಳಿಸುತ್ತೇನೆ. ಅಕ್ಕನನ್ನು ಹೇಗೆ ಕಳಿಸಲಿ ಹೇಳು.

ನಿನ್ನ ಗೂಬೆ

•

ಫೆಬ್ರವರಿ ೧

ತಮ್ಮಾ,

ಹೌದು, ಅಂಗಿ ಇದೆ. ಆ ಅಂಗಿ ಹೊಲಿದವಳೂ ನಾನೇ. ಆ ಹಕ್ಕಿ ನಿನ್ನ ಭಾವ. ಸಾಕಾ?

ಡಿಸೆಂಬರಿನಲ್ಲಿ ಒಂದು ದಿನ ಬಟ್ಟೆ ಒಣಗಹಾಕಲು ತಾರಸಿಗೆ ಹೋದೆ. ದೂರದಲ್ಲಿ ಒಂದು ನಡಿಗೆ ಕಂಡಿತು. ಮುಖ ಕಾಣದಿದ್ದರೇನು, ಇಪ್ಪತ್ಮೂರು ವರ್ಷ ಜೊತೆಗಿದ್ದವಳಿಗೆ ಬಲ ಹೆಗಲು ತಗ್ಗಿಸಿ ನಡೆಯುವ ಗಂಡ ಗೊತ್ತಾಗುವುದಿಲ್ಲವೇ? ಆ ಹೊತ್ತಿಗೆ ಅವರು ಊರಿನ ಇನ್ನೊಂದು ತುದಿಯ ಅಚ್ಚುಮನೆಯಲ್ಲಿ ಇರಬೇಕಿತ್ತು. ಅವರ ಜೊತೆ ನೀಲಿ ಕೋಟಿನ ಹೆಂಗಸು. ಅವತ್ತು ಸಂಜೆ ಕೇಳಿದೆ, "ಬೆಳಿಗ್ಗೆ ಎಲ್ಲಿದ್ರಿ?" ಅಂತ. "ಇನ್ನೆಲ್ಲಿ, ಕರಡಿನ ಮುಂದೆ" ಅಂದರು.

ಅವತ್ತಿಂದ ಒಂದೊಂದೇ ಕಾಣುತ್ತಿದೆ. ಮುಖ ಕೊಟ್ಟು ಮಾತಾಡುವುದೇ ಇಲ್ಲ. ನಾನು ಎದುರು ನಿಂತರೆ ತಲೆ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡುತ್ತಾರೆ, ಕಳ್ಳ ನೋಡಿದ ಹಾಗೆ. ನಡೆಯುವುದಕ್ಕೆ ಅಂತಲೇ ಹೊಸ ಬೂಟು ಬಂದಿದೆ. ಫೋನು ಕಿವಿಗೆ ಒತ್ತಿಕೊಂಡು ಏನನ್ನೋ ಕೇಳುತ್ತಿರುತ್ತಾರೆ, ನಾನು ಹೋದರೆ ನಿಲ್ಲಿಸುತ್ತಾರೆ. ನನ್ನ ಸಾಮಾನಿನ ಚೀಟಿಯಲ್ಲೂ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುತ್ತಿದ್ದವರು ಅವರು. ಮೊನ್ನೆ ಬೇಕಂತಲೇ ಸಾಲಿಗೊಂದು ತಪ್ಪು ಬರೆದು ಕೈಗೆ ಕೊಟ್ಟೆ. ನೋಡಿ "ಸರಿ" ಅಂದರು. ನಾನು ಬರೆದದ್ದನ್ನು ಓದುವಷ್ಟೂ ನಾನು ಬೇಡವಾಗಿದ್ದೇನೆ ತಮ್ಮಾ. ಆ ಕೆಂಪು ಗೆರೆಗೆ ಎಷ್ಟು ಸಲ ಬೈದಿದ್ದೆ. ಈಗ ಅದಿಲ್ಲದ್ದಕ್ಕೆ ಅಂಗಡಿಯಲ್ಲಿ ಕೂತು ಅತ್ತೆ.

ನಿನ್ನ ೭೦-೩೦೦ರಲ್ಲಿ ಅವರ ಮುಖ ಎಳ್ಳಿನಷ್ಟು ಕಾಣುತ್ತದೆ. ನೀನು ಬೇಕಂತಲೇ ಗಿಡ್ಡದ್ದು ಕಳಿಸಿದ್ದೀಯ, ನನಗೆ ಗೊತ್ತು. ೧೦೦-೪೦೦ ಕಳಿಸು. ಕಳಿಸದಿದ್ದರೆ ಕೆಳಗಿನ ಮಹಡಿಯ ಸ್ಟುಡಿಯೋದವನ ಹತ್ತಿರ ಕೇಳುತ್ತೇನೆ. ನಾನು ತಪ್ಪಿದ್ದರೆ ತಪ್ಪು ಅಂತ ಗೊತ್ತಾಗಲಿ. ಸರಿಯಿದ್ದರೆ, ನನ್ನ ಹೊಲಿಗೆ ಯಂತ್ರ ಎತ್ತಿಕೊಂಡು ಆ ಮನೆ ಬಿಡುತ್ತೇನೆ.

ಅಕ್ಕ

•

ಫೆಬ್ರವರಿ ೧೮

ಅಕ್ಕಾ,

ತಡವಾಯಿತು. ಎರಡು ಕಾಗದ ಬರೆದು ಹರಿದೆ.

೧೦೦-೪೦೦ ಕಳಿಸಿದ್ದೇನೆ. ಸ್ಟುಡಿಯೋದವನ ಕೈಗೆ ಹೋದರೆ ನಿನ್ನ ಮನೆಯ ವಿಷಯ ಬೀದಿಯ ವಿಷಯವಾಗುತ್ತದೆ, ಅದಕ್ಕೆ. ಪೂರ್ತಿ ಎಳೆದು ೪೦೦ಕ್ಕೆ ಇಟ್ಟುಕೋ. ಲೆನ್ಸಿನ ಮೈಮೇಲಿನ ಅಲುಗಾಟ ತಡೆಯುವ ಗುಂಡಿ ಒತ್ತಿರಲಿ. ಎಡಗೈ ಲೆನ್ಸಿನ ಕೆಳಗೆ ಕೊಟ್ಟು, ಉಸಿರು ಅರ್ಧ ಬಿಟ್ಟು ತೆಗೆ. ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದೆ ತೆಗೆಯುವ ದಾರಿಯಿದೆ, ನಿನಗದು ಗೊತ್ತೇ ಇರುತ್ತದೆ.

ಮುಖ ಒಂದನ್ನೇ ನೋಡಬೇಡ. ಕೈ ನೋಡು, ಕಾಲು ನೋಡು, ನಿಧಾನವಾಗಿ ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ. ಯಾರಿಗೂ ತೋರಿಸುವ ಮುಂಚೆ ನನಗೆ ಕಳಿಸು.

ನಿನ್ನ ತಮ್ಮ

•

ಮಾರ್ಚ್ ೨

ತಮ್ಮಾ,

ಪ್ರಮಾಣಿಸಿ ನೋಡಿದೆ. ನೀನೂ ನೋಡು, ಫೋಟೋ ಕಾಗದದ ಜೊತೆ ಇದೆ.

ನಿನ್ನ ಭಾವ ಎಡಗೈಯಲ್ಲಿ ಗೋಡೆ ಸವರಿಕೊಂಡು ಬರುತ್ತಿದ್ದಾರೆ, ಇಪ್ಪತ್ತರ ಪ್ರಾಯದವರ ಹಾಗೆ. ಅವರ ಬೆನ್ನಿಗೆ ಅಂಟಿಕೊಂಡೇ ನೀಲಿ ಕೋಟಿನವಳು. ಅವಳ ಕೈ ಎಲ್ಲಿದೆ ನೋಡು. ಹೆಗಲ ಮೇಲೆ! ನಾನು ಹೊಲಿದ ಅಂಗಿಯ ಹೆಗಲ ಮೇಲೆ! ಇಷ್ಟು ಸಾಲದು ಅಂತ ಇನ್ನೊಂದಾಯಿತು. ಲೆನ್ಸಿನೊಳಗೆ ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ನಾನು ಕ್ಯಾಮೆರಾ ಇಳಿಸಿ ನೆಟ್ಟಗೆ ನಿಂತೆ. ಮೈಮೇಲೆ ಹಳದಿ ಉಡುಪು, ಪಕ್ಕದ ಹಗ್ಗದಲ್ಲಿ ಹಳದಿ ಬಟ್ಟೆ, ಕುರುಡನಿಗೂ ಕಾಣುವ ಹಾಗೆ. ಮತ್ತೆ ಲೆನ್ಸು ಎತ್ತಿ ನೋಡಿದರೆ ಅವರು ನಗುತ್ತಿದ್ದರು. ಸಂಜೆ ಮನೆಗೆ ಬಂದು "ಇವತ್ತು ಅಚ್ಚುಮನೇಲಿ ತಲೆ ಎತ್ತೋಕೂ ಪುರುಸೊತ್ತಿರಲಿಲ್ಲ" ಅಂದರು. ಸಿಕ್ಕಿಬಿದ್ದ ಮೇಲೂ ಸುಳ್ಳು! ಮೋಸ ಮಾಡಿದ್ದಕ್ಕಿಂತ ಆ ನಗುವೇ ನನ್ನನ್ನು ಸುಡುತ್ತಿದೆ.

ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಟ್ಟಿದ್ದೇನೆ. ಹದಿನಾರನೇ ತಾರೀಕು ಗೆಳತಿಯ ಮನೆಯ ಮೇಲಿನ ಕೋಣೆಗೆ ಹೋಗುತ್ತೇನೆ. ಅವರಿಗೆ ಇನ್ನೂ ಒಂದು ಮಾತೂ ಹೇಳಿಲ್ಲ. ಬೇಡ ಅನ್ನುವ ಕಾಗದ ಬರೆಯಬೇಡ.

ಅಕ್ಕ

•

ಮಾರ್ಚ್ ೫

ಅಕ್ಕಾ,

ಕಾಗದ ಈಗಷ್ಟೇ ಬಂತು, ಅಂಗಡಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಎರಡು ನಿಮಿಷ ಕೋಪ ಪಕ್ಕಕ್ಕಿಟ್ಟು ದರ್ಜಿಯ ಕಣ್ಣಲ್ಲಿ ಓದು.

ಭಾವನ ಅಂಗಿಯ ಗುಂಡಿ ಎಣಿಸು. ಒಂದೊಂದು ಗುಂಡಿಯ ಅಂಚೂ ಕಾಣುತ್ತದೆ. ಈಗ ಆ ಹೆಂಗಸಿನ ಕೋಟಿನ ಗುಂಡಿ ನೋಡು. ಮಸುಕು, ಅಂಚಿಲ್ಲ. ಹೆಗಲಿಗೆ ಹೆಗಲು ತಾಗಿಸಿ ನಿಂತವರಲ್ಲಿ ಒಬ್ಬರ ಗುಂಡಿ ಸ್ಪಷ್ಟವಾಗಿ, ಇನ್ನೊಬ್ಬರದು ಮಸುಕಾಗಿ ಬರುವುದು ಹೇಗೆ? ಅವಳು ಪಕ್ಕದಲ್ಲಿಲ್ಲ. ಬಹಳ ಹಿಂದೆ ಇದ್ದಾಳೆ. ಕೈಯನ್ನು ಯಾವುದಕ್ಕೋ ಮುಂದೆ ಚಾಚಿದ್ದಾಳೆ, ಫೋಟೋದಲ್ಲಿ ಅದು ಹೆಗಲ ಮೇಲೆ ಬಂದು ಕೂತಿದೆ.

ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದರೆ ಆಗುವುದೇ ಇದು. ಜನರೆಲ್ಲ ದೊಡ್ಡದಾಗಿ ಕಾಣುತ್ತಾರೆ, ಅವರ ನಡುವಿನ ಜಾಗ ಮಾತ್ರ ಕಾಣುವುದಿಲ್ಲ. ಇಡೀ ಬೀದಿಯನ್ನು ಇಸ್ತ್ರಿ ಹಾಕಿ ಮಡಚಿಟ್ಟ ಹಾಗೆ. ಹದಿನೆಂಟು ವರ್ಷದಿಂದ ಬಂದವರಿಗೆಲ್ಲ ಈ ಪಾಠ ಹೇಳುವವನು ನಾನು. ನಿನಗೆ ತೂಕ ಹೇಳಿದೆ, ಬೆಳಕು ಹೇಳಿದೆ, ಇದೊಂದನ್ನು ಹೇಳಲು ಮರೆತೆ. ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗಿದೆ.

ಫೋಟೋವನ್ನು ಸೊಂಟದ ಹತ್ತಿರ ಕತ್ತರಿಸಿ ಕಳಿಸಿದ್ದೀಯ. ಕೆಳಗಿನ ಅರ್ಧ ತೆಗೆದು ನೋಡು. ಅವರ ಬೂಟು ಯಾವ ಕಂಬದ ಬುಡದಲ್ಲಿದೆ, ಅವಳದು ಯಾವ ಕಂಬದ ಬುಡದಲ್ಲಿದೆ? ಆಮೇಲೆ ಬೀದಿಗೆ ಹೋಗಿ ಟೇಪ್ ಹಿಡಿ. ನನ್ನನ್ನು ನಂಬಬೇಡ, ಟೇಪನ್ನು ನಂಬು.

ನಿನ್ನ ಗೂಬೆ

•

ಮಾರ್ಚ್ ೯

ಹದಿನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್. ಎರಡು ಸಲ ಅಳೆದೆ. ನನ್ನ ಕಾಲಲ್ಲಿ ಇಪ್ಪತ್ತು ಹೆಜ್ಜೆ. ಅವರು ಒಂದು ಕಂಬದ ಹತ್ತಿರ, ಅವಳು ಹಿಂದಿನ ಕಂಬದ ಹತ್ತಿರ. ಕೈ ಹೆಗಲ ಮೇಲಿರಲಿಲ್ಲ, ಒಪ್ಪಿದೆ.

ಆದರೆ ವಾರಕ್ಕೆ ಎರಡು ದಿನ ಒಬ್ಬ ಗಂಡಸಿನ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು ನಡೆಯುವ ಹೆಂಗಸು ಯಾರು? ಅಷ್ಟು ಅಂತರ ಬಿಡುವುದೇ ಜನರ ಕಣ್ಣು ತಪ್ಪಿಸುವುದಕ್ಕಲ್ಲವೇ?

ಇನ್ನೊಂದು. ಟೇಪ್ ಹುಡುಕಲು ಅವರ ಮೇಜಿನ ಡ್ರಾಯರ್ ತೆಗೆದೆ. ಅಡಿಯಲ್ಲಿ ಒಂದು ಖಾಲಿ ಡಬ್ಬಿ ಸಿಕ್ಕಿತು. ಮೇಲೆ ಅಚ್ಚುಮನೆಯ ವಿಳಾಸ, ಕಳೆದ ಆಗಸ್ಟಿನ ಮುದ್ರೆ. ಅಕ್ಷರ ನಿನ್ನದು. ಆಗಸ್ಟಿನಲ್ಲಿ ನನ್ನ ಗಂಡನಿಗೆ, ಮನೆಗಲ್ಲ ಅಚ್ಚುಮನೆಗೆ, ನನಗೆ ಹೇಳದೆ ಏನು ಕಳಿಸಿದೆ? ಜನವರಿಯಲ್ಲಿ "ಓದು ಬರಹ ನಡೆದಿದೆಯಾ" ಅಂತ ಏಕೆ ಕೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನು ನೀನು, ಚಿಕ್ಕಂದಿನಿಂದ ನೋಡಿದ್ದೇನೆ. ಕೈ, ಕಾಲು, ಗುಂಡಿ ಅಂತ ಇಷ್ಟೊಂದು ವಕಾಲತ್ತು ಮಾಡಿದ್ದು ಯಾರ ಪರವಾಗಿ?

ಗಂಡ ಹೋದರೆ ಹೋಗಲಿ ಅಂತ ಗಟ್ಟಿ ಮಾಡಿಕೊಂಡಿದ್ದೆ. ನೀನೂ ಅವರ ಕಡೆ ಅಂದರೆ ನನಗೆ ಯಾರಿದ್ದಾರೆ? ಇವತ್ತು ಒಂಬತ್ತು. ಹದಿನಾರಕ್ಕೆ ಏಳು ದಿನ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ನೇರವಾಗಿ ಬರೆ.

•

ಮಾರ್ಚ್ ೧೧

ಅಕ್ಕಾ,

ನೇರವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಆಗಸ್ಟಿನಲ್ಲಿ ಒಬ್ಬರಿಗೆ ಮಾತು ಕೊಟ್ಟೆ, ನಿನ್ನ ತಲೆಯ ಮೇಲೆ ಆಣೆ ಹಾಕಿಸಿಕೊಂಡರು. "ನಾನೇ ಹೇಳ್ತೀನಿ, ಮೊದಲು ಒಬ್ಬನೇ ನಡೆಯೋದು ಕಲೀತೀನಿ" ಅಂದಿದ್ದರು. ಇಷ್ಟು ಬರೆದದ್ದೂ ಹೆಚ್ಚೇ.

ದೊಡ್ಡ ಲೆನ್ಸು ಕಳಿಸಿದ್ದೇಕೆ ಗೊತ್ತಾ? ಸಾಕಷ್ಟು ಹತ್ತಿರದಿಂದ ಕಂಡರೆ ನಿನಗೇ ಗೊತ್ತಾಗುತ್ತದೆ, ನನ್ನ ಮಾತೂ ಉಳಿಯುತ್ತದೆ ಅಂದುಕೊಂಡೆ. ಹೇಡಿಯ ಲೆಕ್ಕ. ಅದು ತಪ್ಪಿತು.

ಆದರೆ ಫೋಟೋ ಓದಬಾರದು ಅಂತ ನಾನು ಯಾರಿಗೂ ಮಾತು ಕೊಟ್ಟಿಲ್ಲ. ಓದುತ್ತೇನೆ, ಕೇಳು. ಅವರ ಎಡಗೈ ಗೋಡೆಯನ್ನು ಬಿಟ್ಟಿಲ್ಲ. ಪ್ರಾಯದವರ ಹಾಗೆ ಅಂದೆ, ಪ್ರಾಯದವರು ಐದೂ ಬೆರಳನ್ನು ಹಾಗೆ ಒತ್ತಿ ಗೋಡೆ ಸವರುತ್ತಾರಾ? ಎರಡನೆಯದು, ಆ ನಗು. ಅವರು ನೋಡಿದ್ದು ನಿನ್ನ ಕಡೆಗೆ, ನಿನ್ನನ್ನಲ್ಲ.

ನನ್ನ ರಿಪೇರಿ ಬೆಂಚಿಗೆ ಒಮ್ಮೊಮ್ಮೆ, ಒಳಗೆ ಚಿತ್ರ ಹಿಡಿಯುವ ಸೆನ್ಸರು ನಟ್ಟನಡುವೆ ಸುಟ್ಟುಹೋದ ಕ್ಯಾಮೆರಾ ಬರುತ್ತದೆ. ಅಂಚೆಲ್ಲ ಸರಿಯಾಗಿ ಕಾಣುತ್ತದೆ, ನೇರವಾಗಿ ಹಿಡಿದದ್ದೇ ಕಾಣುವುದಿಲ್ಲ. ಅಂಥ ಕ್ಯಾಮೆರಾ ಇರುವವನು ಏನು ಮಾಡುತ್ತಾನೆ? ನೋಡಬೇಕಾದ್ದನ್ನು ಪಕ್ಕಕ್ಕೆ ಸರಿಸಿ ಓರೆಯಾಗಿ ಹಿಡಿಯುತ್ತಾನೆ. ಅವನಿಗೆ ಚೀಟಿ ಕೊಟ್ಟು ತಪ್ಪು ಹುಡುಕು ಅಂದರೆ "ಸರಿ" ಅನ್ನದೆ ಇನ್ನೇನು ಮಾಡುತ್ತಾನೆ?

ಆ ಡಬ್ಬಿಯಲ್ಲಿದ್ದದ್ದು ಭೂತಗನ್ನಡಿ. ನನ್ನ ಹತ್ತಿರ ಇದ್ದದ್ದರಲ್ಲೇ ದೊಡ್ಡದು. ಅದೂ ಸಾಲಲಿಲ್ಲ.

ಹದಿನಾಲ್ಕು ಶುಕ್ರವಾರ. ಲೆನ್ಸು ಅಂಗಡಿಯಲ್ಲೇ ಬಿಟ್ಟು, ಹನ್ನೊಂದಕ್ಕೆ ಆ ಬೀದಿಗೆ ಹೋಗು. ಅದೇ ಹಳದಿ ಉಡುಪು ಹಾಕಿಕೊಂಡು ಅವರಿಗೆ ಎದುರಾಗಿ ನಿಲ್ಲು. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ನಿನ್ನ ತಮ್ಮ

•

ಮಾರ್ಚ್ ೧೯

ತಮ್ಮಾ,

ಹೋದೆ. ಹಳದಿ ಉಡುಪಿನಲ್ಲೇ ಹೋದೆ.

ಗೋಡೆಯಿಂದ ಎರಡು ಹೆಜ್ಜೆ ಈಚೆ ನಿಂತುಕೊಂಡೆ. ಅವರು ಬಂದರು, ಬೆರಳಲ್ಲಿ ಇಟ್ಟಿಗೆ ಎಣಿಸಿಕೊಂಡು, ತುಟಿ ಅಲುಗಿಸಿಕೊಂಡು. ನಾನು ಕೈ ಎತ್ತಿದೆ. ಅವರು ನನ್ನ ಮುಖದ ಮೇಲೇ ಕಣ್ಣಿಟ್ಟು, ಯಾರಿಗಾದರೂ ಇರಲಿ ಅಂತ ಒಂದು ನಗು ನಕ್ಕರು. ಅದೇ ನಗು. ಎದುರಿಗೆ ಯಾರೋ ನಿಂತಿದ್ದಾರೆ ಅಂತ ಮಾತ್ರ ಗೊತ್ತಾಗಿ, ಪರಿಚಯದವರೇನೋ ಅಂತ ಮರ್ಯಾದೆಗೆ ನಗುವ ನಗು. ಇಷ್ಟು ದಿನ ನನ್ನನ್ನು ಸುಟ್ಟದ್ದು ಅದು. ನನ್ನ ಪಕ್ಕದಲ್ಲೇ ಹಾದು ಹೋದರು ತಮ್ಮಾ. ಕಾಮಾಲೆ ಕಣ್ಣು ನನ್ನದಾಗಿತ್ತು, ಅವರನ್ನು ಕಳ್ಳ ಅಂದೆ.

ಅಷ್ಟರಲ್ಲಿ ನೀಲಿ ಕೋಟಿನವಳು ಬಂದಳು. ನನ್ನನ್ನು ನೋಡಿದ ತಕ್ಷಣ ಅವಳಿಗೆ ಅರ್ಥವಾಯಿತು. ಮೆಲ್ಲಗೆ "ನೀವು ಅವರ ಮನೆಯವರಾ? ನಿಮಗೆ ಹಳದಿ ಅಂದ್ರೆ ಇಷ್ಟ ಅಂತ ಹೇಳ್ತಿರ್ತಾರೆ" ಅಂದಳು. ಕಣ್ಣು ಮಂಜಾದವರಿಗೆ ನಡೆಯುವುದನ್ನು ಕಲಿಸುವ ಟೀಚರಂತೆ. ಪಕ್ಕದಲ್ಲಿ ನಡೆದರೆ ಧೈರ್ಯ ಬರುವುದಿಲ್ಲ ಅಂತ ಹಿಂದೆ ಉಳಿಯುತ್ತಾಳಂತೆ. ಅವತ್ತು ಕೈ ಚಾಚಿದ್ದು, ಗಲ್ಲಿಯಿಂದ ನುಗ್ಗಿದ ಸೈಕಲ್ಲಿನವನನ್ನು ನಿಲ್ಲಿಸಲು. ಅವನ ಬೆಲ್ಲಿನ ಸದ್ದಿಗೇ ಅವರು ತಲೆ ಎತ್ತಿ ನಕ್ಕದ್ದಂತೆ. ಆಮೇಲೆ ಅವಳು ನನ್ನ ಬೆನ್ನು ತಟ್ಟಿ, ಮುಂದೆ ಹೋಗಿ ಅಂತ ಕಣ್ಣಲ್ಲೇ ಹೇಳಿ, ತಾನು ಅಲ್ಲೇ ನಿಂತಳು.

ನಾನು ಅವಳ ಜಾಗದಲ್ಲಿ ನಡೆದೆ. ಇಪ್ಪತ್ತು ಹೆಜ್ಜೆ ಬಿಟ್ಟು, ಬಾಯಿ ಮುಚ್ಚಿಕೊಂಡು. ಒಂದು ಕಂಬ ದಾಟಿತು. ಎರಡನೇ ಕಂಬದ ಹತ್ತಿರ ಅವರು ನಿಂತರು. ತಿರುಗಲಿಲ್ಲ. ಗೋಡೆಯ ಮೇಲಿನ ಕೈ ಹಾಗೇ ಇಟ್ಟುಕೊಂಡು ಅಂದರು:

"ಎಡಗಾಲಿನ ಚಪ್ಪಲಿ ಎಳೀಬೇಡ ಅಂತ ಇಪ್ಪತ್ಮೂರು ವರ್ಷದಿಂದ ಹೇಳ್ತಿದೀನಿ."

ನಾನು ಅಲ್ಲೇ, ಬೀದಿಯ ನಡುವೆ, ಗಟ್ಟಿಯಾಗಿ ಅತ್ತುಬಿಟ್ಟೆ. ಅವರು ದನಿ ಬಂದ ಕಡೆಗೆ ತಿರುಗಿ, ತಲೆ ಓರೆ ಮಾಡಿ ನನ್ನನ್ನು ಹುಡುಕಿದರು. ಆ ಓರೆಗಣ್ಣಿಗೆ ನಾನು ಏನೆಲ್ಲ ಹೆಸರಿಟ್ಟಿದ್ದೆ! ಹತ್ತಿರ ಹೋಗಿ ಕೈ ಹಿಡಿದೆ. ಬೆರಳ ತುದಿಯೆಲ್ಲ ಗೋಡೆಗೆ ತರಚಿಹೋಗಿತ್ತು.

ದಾರಿಯುದ್ದಕ್ಕೂ ಜಗಳವಾಡಿದೆವು. "ನನಗೆ ಹೇಳೋಕೆ ಏನಾಗಿತ್ತು ರೋಗ?" ಅಂದೆ. "ಮೊದಲು ಕರಡು ಓದೋಕಾಗಲಿಲ್ಲ, ಆಮೇಲೆ ನಿನ್ನ ಮುಖ. ಅದನ್ನ ಬಾಯಿಬಿಟ್ಟು ಹೇಗೆ ಹೇಳ್ಲಿ?" ಅಂದರು. ಅಚ್ಚುಮನೆಯವರು ಈಗ ಅವರ ಮುಂದೆ ಗಟ್ಟಿಯಾಗಿ ಓದಲು ಒಬ್ಬರನ್ನು ಕೂರಿಸಿದ್ದಾರಂತೆ, ಕಿವಿಯಲ್ಲೇ ತಪ್ಪು ಹಿಡಿಯುತ್ತಾರಂತೆ. ಫೋನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದದ್ದೂ ಆ ಓದನ್ನೇ ಅಂತೆ. ಮನೆಗೆ ಬಂದು ಯಂತ್ರದ ಕಂಬಳಿ ಬಿಚ್ಚಿದೆ. ಯಾಕೆ ಕಟ್ಟಿದ್ದೆ ಅಂತ ಕೇಳಿದರು. ಧೂಳಿಗೆ ಅಂದೆ.

ಲೆನ್ಸು ಎರಡನ್ನೂ ವಾಪಸ್ ಕಳಿಸಿದ್ದೇನೆ. ಚೆನ್ನಾಗಿದೆ ನಿನ್ನ ೧೦೦-೪೦೦, ನಿಜವಾಗಿ ಹಕ್ಕಿ ನೋಡುವವರು ಯಾರಾದರೂ ಬಂದರೆ ಕೊಡು. ಫೋಟೋಗಳೂ ಅದೇ ಡಬ್ಬಿಯಲ್ಲಿವೆ, ಸುಟ್ಟುಹಾಕು.

ಇನ್ನೊಂದು ಮಾತು. ಅವತ್ತು ಬೀದಿಯಲ್ಲಿ ಅವರು ನನ್ನ ಕೈ ಬಿಡದೆ ಕೇಳಿದರು, "ಎಷ್ಟು ದಿನದಿಂದ ಹೀಗೆ ನನ್ನ ಹಿಂದೆ ಬರ್ತಿದೀಯ?"

"ಇವತ್ತೇ ಮೊದಲು" ಅಂದೆ.

ಏಳು ತಿಂಗಳು ಅವರದೊಂದು ಗುಟ್ಟು ಕಾಪಾಡಿದೆಯಲ್ಲ, ಇನ್ನು ಮೇಲೆ ನನ್ನ ಇದೊಂದನ್ನೂ ಕಾಪಾಡು.

ನಿನ್ನ ಅಕ್ಕ